ನೀರು ಬೇಡದ ಟ್ಯಾಂಕರ್

ಸಂತೇಬೆನ್ನೂರು ಸೀಮೆಯಲ್ಲಿ ಟ್ಯಾಂಕರ್ ಎಂದರೆ ನೀರು ಎಂದೇ ಅರ್ಥ. ಮಳೆ ಕೈಕೊಟ್ಟು ಕೊಳವೆಬಾವಿಗಳು ಬತ್ತಿದ ವರ್ಷ ಚನ್ನಗಿರಿ ತಾಲ್ಲೂಕಿನ ಅಡಿಕೆ ತೋಟಗಳ ಕಡೆಗೆ ಟ್ರ್ಯಾಕ್ಟರ್ ಹಿಂದೆ ಕಟ್ಟಿದ ಟ್ಯಾಂಕರುಗಳು ಹಗಲಿರುಳೆನ್ನದೆ ಓಡುತ್ತವೆ. 2024ರ ಬೇಸಿಗೆಯಲ್ಲೂ ಹಾಗೆಯೇ ಆಯಿತು. ಮಕ್ಕಳಂತೆ ಸಾಕಿದ ಮರ ಒಣಗಬಾರದೆಂದು ರೈತರು ದುಡ್ಡು ಕೊಟ್ಟು ನೀರು ತಂದರು. ಊರಿನ ಹೆಮ್ಮೆಯೂ ನೀರಿನದೇ. ಪಾಳೆಯಗಾರ ಹನುಮಪ್ಪ ನಾಯಕನ ಕಾಲದ ಪುಷ್ಕರಣಿ, ಅದರ ನಡುವೆ ವಸಂತ ಮಂಟಪ, ಎದುರಿಗೆ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನನ ಹೆಸರಿನೊಂದಿಗೆ ಬೆಸೆದುಕೊಂಡ ಮುಸಾಫಿರ್‌ಖಾನೆ. ದಾರಿಹೋಕನಿಗೆ ನೆರಳು ಮತ್ತು ನೀರು, ಎರಡನ್ನೂ ಕೊಟ್ಟ ಊರಿದು.

ಆದರೆ ನೀರಿನ ಒಂದು ಹನಿಯೂ ಒಳಗೆ ಸೇರಬಾರದ ಟ್ಯಾಂಕರ್ ಒಂದಿದೆ. ಅದು ವಿಮಾನಕ್ಕೆ ಇಂಧನ ಒಯ್ಯುವ ಟ್ಯಾಂಕರ್. ಸಂತೇಬೆನ್ನೂರಿನವರಿಗೆ ಅದೀಗ ದೂರದ ಮಾತೇನಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೆ ಚನ್ನಗಿರಿ ತಾಲ್ಲೂಕು ಶಿವಮೊಗ್ಗ ಜಿಲ್ಲೆಯಲ್ಲಿತ್ತು. ಅದೇ ಶಿವಮೊಗ್ಗದ ಬಳಿ, ಸೋಗಾನೆಯಲ್ಲಿ, 2023ರ ಫೆಬ್ರವರಿ 27ರಂದು ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ರಾಷ್ಟ್ರಕವಿ ಕುವೆಂಪು ಅವರ ಹೆಸರು ಹೊತ್ತ ನಿಲ್ದಾಣವದು. ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿದಾಗ ಸುತ್ತಲಿನ ಊರುಗಳ ಜನ ತಲೆಯೆತ್ತಿ ನೋಡಿದರು. ವಿಮಾನವೆಂದರೆ ಆಕಾಶ ನೋಡುವವರೇ ಹೆಚ್ಚು. ಅದರ ಹೊಟ್ಟೆ ತುಂಬುವುದು ಮಾತ್ರ ನೆಲದ ಮೇಲೆಯೇ, ನಾಲ್ಕಾರು ಗಾಲಿಗಳ ಗಾಡಿಯಿಂದಲೇ!

ಎತ್ತಿನ ಗಾಡಿಯ ಕಾಲ

ಈ ಗಾಡಿಯ ಕಥೆ ಹಳೆಯದು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಪುಸ್ ಮಾತ್ ಎಂಬ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಮುಂಬಯಿಗೆ ಅಂಚೆ ತಂದರು. ನಡುವೆ ಅಹಮದಾಬಾದಿನಲ್ಲಿ ಇಳಿದಾಗ ಅವರ ವಿಮಾನಕ್ಕೆ ಬೇಕಾದ ಪೆಟ್ರೋಲ್ ಡಬ್ಬಿಗಳು ಬಂದದ್ದು ಎತ್ತಿನ ಗಾಡಿಯಲ್ಲಿ. ಅಂಚೆಯ ಚೀಲಗಳು ಮುಂಬಯಿಯಲ್ಲಿ ಕೈ ಬದಲಾಯಿಸಿದವು. ನೆವಿಲ್ ವಿನ್ಸೆಂಟ್ ಅವುಗಳನ್ನು ಮದರಾಸಿಗೆ ಹಾರಿಸಿಕೊಂಡು ಹೋದರು. ಆ ದಾರಿಯ ತಂಗುದಾಣ ನಮ್ಮ ಬಳ್ಳಾರಿ. ದೇಶದ ವಿಮಾನಯಾನದ ಮೊದಲ ಪುಟದಲ್ಲೇ ಕನ್ನಡದ ನೆಲವೊಂದರ ಹೆಸರಿದೆ ಎಂಬುದು ಎಷ್ಟು ಮಂದಿಗೆ ಗೊತ್ತು?

ಇಂದು ದೊಡ್ಡ ನಿಲ್ದಾಣಗಳ ಮಾತೇ ಬೇರೆ. ದೇವನಹಳ್ಳಿಯಂಥ ಕಡೆ ಇಂಧನ ನೆಲದಡಿಯ ಕೊಳವೆಗಳಲ್ಲಿ ವಿಮಾನದ ಬುಡದವರೆಗೂ ಹರಿದು ಬರುತ್ತದೆ. ಸಣ್ಣ ನಿಲ್ದಾಣಕ್ಕೆ ಆ ಭಾಗ್ಯವಿಲ್ಲ. ಅಲ್ಲಿಗೆ ಎಲ್ಲವೂ ರಸ್ತೆಯ ಮೇಲೆಯೇ ಬರಬೇಕು. ಟ್ಯಾಂಕರಿನಲ್ಲೋ, ಲಾರಿಗೆ ಹೇರಿದ 200 ಲೀಟರಿನ ಬ್ಯಾರೆಲ್‌ಗಳಲ್ಲೋ ಬರುತ್ತದೆ. ನಿಲ್ದಾಣದೊಳಗೆ ಜೀಪಿಗೋ ಟ್ರ್ಯಾಕ್ಟರಿಗೋ ಕಟ್ಟಿದ ಟ್ರೈಲರಿನ ಮೇಲೆ ಸಣ್ಣ ಟ್ಯಾಂಕ್ ಇಟ್ಟು ವಿಮಾನದ ಬಳಿಗೆ ಎಳೆದೊಯ್ಯುವುದೂ ಉಂಟು. ನೋಡಿದರೆ ತೋಟಕ್ಕೆ ನೀರು ಹೊರುವ ಗಾಡಿಯ ಅಣ್ಣತಮ್ಮನಂತೆ ಕಾಣುತ್ತದೆ.

ಎರಡು ಬಗೆಯ ಆಹಾರ

ವಿಮಾನಗಳೆಲ್ಲ ಒಂದೇ ಇಂಧನ ಕುಡಿಯುವುದಿಲ್ಲ. ಸೋಗಾನೆಯಲ್ಲಿ ಇಳಿದ ಎಟಿಆರ್ 72ರಂಥವು ಕುಡಿಯುವುದು ಸೀಮೆಎಣ್ಣೆಯ ಜಾತಿಯ ಎಟಿಎಫ್. ಅದರ ಟ್ಯಾಂಕುಗಳಲ್ಲಿ ಸುಮಾರು 5,000 ಕಿಲೋ ಹಿಡಿಯುತ್ತದೆ. ಕಲಿಯುವವರು ಹಾರಿಸುವ ಸೆಸ್ನಾದಂಥ ಪಿಸ್ಟನ್ ವಿಮಾನಕ್ಕೆ ಬೇಕಾದದ್ದು ಏವ್‌ಗ್ಯಾಸ್ ಎಂಬ ವಿಶೇಷ ಪೆಟ್ರೋಲ್. ಸೆಸ್ನಾ 152ರ ಟ್ಯಾಂಕು ನೂರು ಲೀಟರಿಗೂ ತುಸು ಕಡಿಮೆಯದು. ಅಂದರೆ ಒಂದು ಬ್ಯಾರೆಲ್ ಎರಡು ವಿಮಾನಗಳ ಹೊಟ್ಟೆ ತುಂಬಿಸೀತು.

ಬಂಕಿನ ಪೆಟ್ರೋಲನ್ನೇ ಸುರಿದರಾಗದೇ ಎಂದು ಯಾರಾದರೂ ಕೇಳಬಹುದು. ಆಗದು. ಏವ್‌ಗ್ಯಾಸಿನಲ್ಲಿ ಎಂಜಿನ್ ಬಡಿದುಕೊಳ್ಳದಂತೆ ತಡೆಯಲು ಸೀಸದ ಸಂಯುಕ್ತ ಸೇರಿಸಿರುತ್ತಾರೆ. ರಸ್ತೆಯ ಪೆಟ್ರೋಲಿನಿಂದ ಸೀಸವನ್ನು ನಮ್ಮ ದೇಶ 2000ದ ಹೊತ್ತಿಗೆ ತೆಗೆದುಹಾಕಿತು. ಆಕಾಶದ ಪೆಟ್ರೋಲಿನಲ್ಲಿ ಅದು ಇನ್ನೂ ಉಳಿದಿದೆ, ಅದೊಂದು ತಲೆನೋವು. ಎರಡು ಇಂಧನಗಳು ಅದಲುಬದಲಾದರಂತೂ ಅನಾಹುತವೇ. ಪಿಸ್ಟನ್ ಎಂಜಿನ್‌ಗೆ ಎಟಿಎಫ್ ಸೇರಿದರೆ ಗಗನಕ್ಕೇರಿದ ಕೆಲವೇ ನಿಮಿಷಗಳಲ್ಲಿ ಎಂಜಿನ್ ಕೈಕೊಡಬಹುದು. ಆದ್ದರಿಂದಲೇ ಏವ್‌ಗ್ಯಾಸಿಗೆ ನೀಲಿ ಬಣ್ಣ ಬೆರೆಸುತ್ತಾರೆ. ಎಟಿಎಫ್ ತುಂಬುವ ಕೊಳವೆಯ ಮೂತಿಯನ್ನು ಏವ್‌ಗ್ಯಾಸ್ ಟ್ಯಾಂಕಿನ ಬಾಯಿಯೊಳಗೆ ಹೋಗದಷ್ಟು ಅಗಲವಾಗಿ ಮಾಡುತ್ತಾರೆ.

ರಸ್ತೆಯ ಮೇಲೂ ಗುರುತು ಬೇರೆ. ಟ್ಯಾಂಕರಿನ ಬೆನ್ನ ಮೇಲಿನ ಫಲಕದಲ್ಲಿ 1203 ಎಂದಿದ್ದರೆ ಪೆಟ್ರೋಲ್, 1863 ಎಂದಿದ್ದರೆ ವಿಮಾನದ ಎಟಿಎಫ್. ಅದನ್ನು ಓಡಿಸುವವನು ಅಪಾಯಕಾರಿ ಸರಕು ಸಾಗಿಸಲು ಪ್ರತ್ಯೇಕ ತರಬೇತಿ ಪಡೆದು ಲೈಸೆನ್ಸಿನಲ್ಲಿ ಬರೆಸಿಕೊಂಡಿರಬೇಕು. ಟ್ಯಾಂಕಿನೊಳಗೆ ಕೋಣೆಗಳಿರುತ್ತವೆ, ತಡೆಗೋಡೆಗಳಿರುತ್ತವೆ. ಇಲ್ಲವಾದರೆ ತಿರುವಿನಲ್ಲಿ ಎಣ್ಣೆ ಒಂದು ಕಡೆಗೆ ನುಗ್ಗಿ ಗಾಡಿಯನ್ನೇ ಮಗುಚೀತು. ಬಿಸಿಲಿಗೆ ಎಣ್ಣೆ ಹಿಗ್ಗುವುದರಿಂದ ಕಂಠಪೂರ್ತಿ ತುಂಬುವಂತಿಲ್ಲ.

ಶತ್ರುವಿನ ಹೆಸರು ನೀರು

ಟ್ಯಾಂಕರ್ ಬಂದು ನಿಂತ ಕೂಡಲೇ ಪೈಪು ಜೋಡಿಸುವುದಿಲ್ಲ. ಮೊದಲು ಕಾಗದಪತ್ರ, ಸೀಲು, ಸಾಂದ್ರತೆ ಇವೆಲ್ಲ ತಾಳೆಯಾಗಬೇಕು. ದಾರಿಯುದ್ದಕ್ಕೂ ಕುಲುಕಾಡಿದ ಎಣ್ಣೆ ತಿಳಿಯಾಗಲು ಬಿಡಬೇಕು. ನೀರು ಎಣ್ಣೆಗಿಂತ ಭಾರ, ಹಾಗಾಗಿ ತಳ ಸೇರುತ್ತದೆ. ತಳದ ನಲ್ಲಿಯಿಂದ ಮಾದರಿ ತೆಗೆದು ಗಾಜಿನ ಪಾತ್ರೆಯಲ್ಲಿ ಹಿಡಿದು ನೋಡುತ್ತಾರೆ. ಹಾರುವ ಮುನ್ನ ಪೈಲಟ್ ಕೂಡ ರೆಕ್ಕೆಯ ಕೆಳಗಿನಿಂದ ಒಂದಿಷ್ಟು ಹಿಡಿದು ಪರೀಕ್ಷಿಸುತ್ತಾನೆ. ಇಲ್ಲೊಂದು ಮೋಸವೂ ಇದೆ. ಪಾತ್ರೆಯಲ್ಲಿ ಬಂದದ್ದೆಲ್ಲವೂ ನೀರೇ ಆಗಿದ್ದರೆ ಗುಳ್ಳೆಯೇ ಕಾಣದು, ಎಲ್ಲವೂ ತಿಳಿಯಾಗಿಯೇ ತೋರುತ್ತದೆ. ಅದಕ್ಕೇ ನೀಲಿ ಬಣ್ಣ ಇದೆಯೇ ಎಂದು ನೋಡಬೇಕು.

ಮಲೆನಾಡಿನ ಸೆರಗಿನ ನಿಲ್ದಾಣಕ್ಕೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಅರ್ಧ ಖಾಲಿಯಾದ ಟ್ಯಾಂಕಿನಲ್ಲಿ ತೇವದ ಗಾಳಿ ತುಂಬಿ, ರಾತ್ರಿ ತಣ್ಣಗಾದಾಗ ಹನಿಗಟ್ಟುತ್ತದೆ. ಆದ್ದರಿಂದಲೇ ಸಣ್ಣ ವಿಮಾನಗಳ ಟ್ಯಾಂಕನ್ನು ಸಂಜೆಯೇ ತುಂಬಿಸಿಡುವ ರೂಢಿ. ಕಿಡಿಯ ಭಯವೂ ಉಂಟು. ಎಣ್ಣೆ ಕೊಳವೆಯಲ್ಲಿ, ಸೋಸುಬಲೆಯಲ್ಲಿ ಹರಿಯುವಾಗ ವಿದ್ಯುತ್ತಿನ ಕಣ ಹುಟ್ಟುತ್ತದೆ. ಮೊದಲು ತಂತಿಯಿಂದ ಗಾಡಿಯನ್ನೂ ವಿಮಾನವನ್ನೂ ಬೆಸೆದು ಆಮೇಲಷ್ಟೇ ಮುಚ್ಚಳ ತೆರೆಯುತ್ತಾರೆ. ಬಂಕಿನಿಂದ ಪ್ಲಾಸ್ಟಿಕ್ ಕ್ಯಾನಿನಲ್ಲಿ ಪೆಟ್ರೋಲ್ ಒಯ್ಯುವ ನಮ್ಮ ಹುಡುಗರಿಗೂ ಈ ಮಾತು ತಿಳಿದಿದ್ದರೆ ಒಳ್ಳೆಯದು.

ಜಕ್ಕೂರಿನ ಪಾಠ

ಕರ್ನಾಟಕದಲ್ಲಿ ಸಣ್ಣ ವಿಮಾನಗಳ ತವರು ಬೆಂಗಳೂರಿನ ಜಕ್ಕೂರು. ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಶುರುವಾದದ್ದು 1948ರಲ್ಲಿ. ಕ್ಯಾಪ್ಟನ್ ಗೋಪಿನಾಥ್ ಅವರ ಡೆಕ್ಕನ್ ಏವಿಯೇಷನ್ 1997ರಲ್ಲಿ ಹೆಲಿಕಾಪ್ಟರ್ ಹಾರಿಸತೊಡಗಿದ್ದೂ ಇಲ್ಲಿಂದಲೇ. ನಗರ ಬೆಳೆದು, ಪಕ್ಕದ ಬಳ್ಳಾರಿ ರಸ್ತೆಯಲ್ಲಿ ಮೇಲುಸೇತುವೆ ಎದ್ದಾಗ ರನ್‌ವೇಯ ಬಳಕೆಯ ಉದ್ದವೇ ಕಡಿಮೆಯಾಯಿತು. ಸಣ್ಣ ನಿಲ್ದಾಣದ ಬದುಕು ಎಷ್ಟು ಸೂಕ್ಷ್ಮ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಇಂಧನದ ಲೆಕ್ಕವೂ ಅಷ್ಟೇ ಸೂಕ್ಷ್ಮ. ವಾಣಿಜ್ಯ ಪೈಲಟ್ ಆಗಲು 200 ಗಂಟೆ ಹಾರಿರಬೇಕು. ಗಂಟೆಗೆ ಸುಮಾರು 25 ಲೀಟರ್ ಎಂದರೂ 5,000 ಲೀಟರ್, ಅಂದರೆ 25 ಬ್ಯಾರೆಲ್. ಬ್ಯಾರೆಲ್ ಬರದ ದಿನ ವಿಮಾನ ಇದ್ದರೂ, ರನ್‌ವೇ ಇದ್ದರೂ, ಸಾಲ ಮಾಡಿ ಮಗನನ್ನೋ ಮಗಳನ್ನೋ ಕಲಿಯಲು ಕಳಿಸಿದ ಅಪ್ಪ ಇದ್ದರೂ ಹಾರಾಟವಿಲ್ಲ. ಈ ಇಂಧನವನ್ನು ದೇಶ ಬಹುಕಾಲ ಹೊರಗಿನಿಂದಲೇ ತರಿಸುತ್ತಿತ್ತು. 2022ರ ಸೆಪ್ಟೆಂಬರಿನಲ್ಲಿ ಇಂಡಿಯನ್ ಆಯಿಲ್ ತನ್ನ ವಡೋದರದ ಸಂಸ್ಕರಣಾಗಾರದಲ್ಲಿ ತಯಾರಿಸಿದ ಏವ್‌ಗ್ಯಾಸನ್ನು ಬಿಡುಗಡೆ ಮಾಡಿತು. ಮರುವರ್ಷದ ಆರಂಭದಲ್ಲಿ 80 ಬ್ಯಾರೆಲ್‌ಗಳು ಪಪುವಾ ನ್ಯೂಗಿನಿಗೆ ಹಡಗು ಹತ್ತಿದವು. ಕೊಳ್ಳುತ್ತಿದ್ದವರು ಮಾರುವವರಾದರು. ಆದರೂ ಕಾರ್ಖಾನೆಯ ಬಾಗಿಲಿನಿಂದ ಸಣ್ಣ ನಿಲ್ದಾಣದ ಗೇಟಿನವರೆಗಿನ ದಾರಿ ಇಂದಿಗೂ ಲಾರಿಯದೇ.

ವಿಮಾನ ಹಾರಿದರೆ ಪೈಲಟ್‌ಗೆ ಚಪ್ಪಾಳೆ ಸಿಗುತ್ತದೆ. ರಾತ್ರಿಯಿಡೀ ನಿದ್ದೆಗೆಟ್ಟು ಟ್ಯಾಂಕರ್ ತಂದವನು ಸಹಿ ಹಾಕಿಸಿಕೊಂಡು, ಗೇಟಿನಾಚೆ ಚಹಾ ಕುಡಿದು ಖಾಲಿ ಗಾಡಿಯೊಂದಿಗೆ ಹಿಂತಿರುಗುತ್ತಾನೆ. ಬೇಸಿಗೆಯಲ್ಲಿ ಸಂತೇಬೆನ್ನೂರಿನ ತೋಟಕ್ಕೆ ನೀರು ತರುವ ಹುಡುಗನೂ ಹಾಗೆಯೇ. ಒಬ್ಬ ನೀರು ಚೆಲ್ಲದಂತೆ ತರಬೇಕು, ಇನ್ನೊಬ್ಬ ನೀರು ಸೇರದಂತೆ. ಇಬ್ಬರಲ್ಲಿ ಒಬ್ಬ ಎಡವಿದರೆ ಮರ ಒಣಗುತ್ತದೆ, ಇನ್ನೊಬ್ಬ ಎಡವಿದರೆ ಜೀವವೇ ಹೋದೀತು. ಮುಂದೊಮ್ಮೆ ಚನ್ನಗಿರಿ, ಭದ್ರಾವತಿಯ ದಾರಿಯಲ್ಲಿ 1863 ಎಂದು ಬರೆದ ಟ್ಯಾಂಕರ್ ಎದುರಾದರೆ ಒಂದಿಷ್ಟು ದಾರಿ ಬಿಡಿ. ಅದು ಆಕಾಶಕ್ಕೆ ಹೊರಟ ಗಾಡಿ.