ಹುಣಿಸೆಬೀಜದ ಲೆಕ್ಕ

ನಾಲ್ಕು ಜನ ಕೂಡಿ ಮಾತಿಗೆ ತೊಡಗಿದರೆ ನಮ್ಮ ಅತ್ತೆಯವರು ಮೆಲ್ಲನೆ ಎದ್ದು ಕೋಣೆ ಸೇರುತ್ತಿದ್ದರು. ಕಿವಿ ಪೂರ್ತಿ ಹೋಗಿರಲಿಲ್ಲ. “ಎಲ್ಲರ ದನಿಯೂ ಕೇಳುತ್ತದೆ, ಯಾರ ಮಾತೂ ತಿಳಿಯುವುದಿಲ್ಲ” ಎಂಬುದೇ ಅವರ ಕೊರಗು.

2004ರಲ್ಲಿ ಯಜಮಾನರು ಒಂದು ಸಿಡಿಎಂಎ ಫೋನು ತಂದರು. (ಅಂಥ ಫೋನುಗಳ ಕಾಲ ಈಗ ಮುಗಿಯಿತು.) ಒಂದೇ ತರಂಗಾಂತರದಲ್ಲಿ ಹತ್ತಾರು ಜನ ಏಕಕಾಲಕ್ಕೆ ಮಾತನಾಡುತ್ತಾರೆಂದು ಇಂಜಿನಿಯರಿಂಗ್ ಓದುತ್ತಿದ್ದ ಮಗಳು ಹೇಳಿದಾಗ ಅತ್ತೆಯವರು ಬಾಗಿಲಲ್ಲೇ ನಿಂತರು.

“ಅದಕ್ಕೆ ನನ್ನ ಹಾಗೆ ಗೋಜಲಾಗುವುದಿಲ್ಲವೇನೇ?”

ಮಗಳು ಚೌಕಾಬಾರಕ್ಕೆಂದು ಒಂದು ಮಗ್ಗುಲು ತೇಯ್ದಿಟ್ಟಿದ್ದ ಹುಣಿಸೆಬೀಜಗಳನ್ನು ತಂದು ನೆಲದ ಮೇಲೆ ಹರಡಿದಳು. ಬಿಳಿಯ ಮುಖ ಕೂಡು ಒಂದು, ಕಪ್ಪು ಮುಖ ಕಳೆ ಒಂದು. ಅಪ್ಪನ ಸಂಕೇತ ನಾಲ್ಕೂ ಬಿಳಿ. ಚಿಕ್ಕಪ್ಪನದು ಬಿಳಿ, ಕಪ್ಪು, ಬಿಳಿ, ಕಪ್ಪು. ‘ಹೌದು’ ಎನ್ನಲು ಸಂಕೇತವನ್ನು ಇದ್ದಂತೆಯೇ ಕಳುಹಿಸಬೇಕು, ‘ಇಲ್ಲ’ ಎನ್ನಲು ಎಲ್ಲ ಬೀಜಗಳನ್ನೂ ಮಗುಚಬೇಕು. ಅಪ್ಪ ‘ಹೌದು’ ಎಂದರು, ಚಿಕ್ಕಪ್ಪ ‘ಇಲ್ಲ’ ಎಂದರು. ಗಾಳಿಯಲ್ಲಿ ಎರಡೂ ಬೆರೆತು 0, 2, 0, 2 ಆಯಿತು. ಇದನ್ನು ಅಪ್ಪನ ಸಂಕೇತದಿಂದ ಒಂದೊಂದಾಗಿ ಗುಣಿಸಿ ಕೂಡಿದರೆ ಕೂಡು 4, ಅಂದರೆ ‘ಹೌದು’. ಚಿಕ್ಕಪ್ಪನದರಿಂದ ಗುಣಿಸಿದರೆ ಕಳೆ 4, ‘ಇಲ್ಲ’!

ಅಮೆರಿಕದ ಗಣಿತಜ್ಞ ಜೋಸೆಫ್ ವಾಲ್ಶ್ 1923ರಲ್ಲಿ, ಮೊಬೈಲಿನ ಕನಸೂ ಇಲ್ಲದ ಕಾಲದಲ್ಲಿ, ಪ್ರಕಟಿಸಿದ ಗಣಿತವಂತೆ ಇದು. 1993ರ ಸಿಡಿಎಂಎ ವ್ಯವಸ್ಥೆಯಲ್ಲಿ ಗೋಪುರದಿಂದ ಹೊರಡುವ ಮಾತಿಗೆ ಇಂಥ 64 ಸಂಕೇತಗಳು. ಒಂದೊಂದರಲ್ಲೂ 64 ಬೀಜಗಳು. ಸೆಕೆಂಡಿಗೆ 12,28,800 ಬೀಜಗಳ ಓಟ. ಎಲ್ಲವೂ ಒಂದೇ ತಾಳಕ್ಕೆ ಹೊರಡಬೇಕು, ಸ್ವಲ್ಪ ಹಿಂದುಮುಂದಾದರೂ ಲೆಕ್ಕ ಕೆಡುತ್ತದೆ. ನನಗೆ ಅರ್ಧ ತಿಳಿಯಿತು. ಅತ್ತೆಯವರಿಗೆ ನನಗಿಂತ ಹೆಚ್ಚೇ ತಿಳಿದಿರಬೇಕು.

“ನಿಮ್ಮಮ್ಮನ ಸಂಕೇತ ಯಾವುದು?” ಎಂದರು.

“ಬಿಳಿ, ಬಿಳಿ, ಕಪ್ಪು, ಕಪ್ಪು.”

ಅತ್ತೆಯವರು ತಾವೇ ಬೆರಳು ಮಡಿಸಿ ಎಣಿಸಿದರು. ಕೂಡು 2, ಕಳೆ 2. “ಸೊನ್ನೆ ಬಂತಲ್ಲೇ!”

“ಬರಲೇಬೇಕಲ್ಲಜ್ಜಿ, ಅಮ್ಮ ಮಾತೇ ಆಡಿಲ್ಲ.”

ಮಗಳು ಹೇಳಿದ್ದು ಲೆಕ್ಕದ ಮಾತು. ಆದರೂ ನಾನು ತಲೆಯೆತ್ತಲಾರದೆ ಹೋದೆ. ‘ಊಟಕ್ಕೆ ಬನ್ನಿ’, ‘ಮಾತ್ರೆ ತೊಗೊಂಡಿರಾ’, ಇವೆರಡನ್ನು ಬಿಟ್ಟು ಆ ಜೀವದೊಡನೆ ನಾನು ಮಾತನಾಡಿ ಎಷ್ಟು ತಿಂಗಳಾಗಿತ್ತೋ!

ರಾತ್ರಿ ಟೀವಿ ಆರಿಸಿ ಅವರ ಮಂಚದ ಬಳಿ ಹೋಗಿ ಕುಳಿತೆ. “ಏನಮ್ಮಾ?” ಎಂದರು. ಏನು ಹೇಳಲೂ ತೋಚಲಿಲ್ಲ. ಕೈಯಲ್ಲಿದ್ದ ನಾಲ್ಕು ಬೀಜಗಳನ್ನು ತೋರಿಸಿ, “ಒಂದಾಟ ಆಡೋಣವೇ?” ಎಂದೆ.

ಅವರು ಕನ್ನಡಕಕ್ಕಾಗಿ ದಿಂಬಿನ ಕೆಳಗೆ ತಡಕಾಡತೊಡಗಿದರು.