ಅಳಿಸಿದ್ದೇವೆ ಎಂದು ಕೊಟ್ಟ ಮಾತು

ಒಂದು ವಸ್ತುವನ್ನು ಖರೀದಿಸುವಾಗ ಅದು ನಮಗೆ ಏನನ್ನು ಕೊಡುತ್ತದೆ ಎಂದು ನಾವೆಲ್ಲರೂ ವಿಚಾರಿಸುತ್ತೇವೆ. ಅದು ನಮ್ಮಿಂದ ಏನನ್ನು ಬಯಸುತ್ತದೆ ಎಂಬ ಪ್ರಶ್ನೆ ಮಾತ್ರ ಬಹಳ ತಡವಾಗಿ ಹುಟ್ಟುತ್ತದೆ. ಒಂದು ಪುಟ್ಟ ಕ್ಯಾಮೆರಾದ ವಿಷಯದಲ್ಲಿ ಆ ಪ್ರಶ್ನೆ ನಮ್ಮಲ್ಲಿ ಹುಟ್ಟಲು ಹನ್ನೊಂದು ವರ್ಷಗಳೇ ಬೇಕಾದವು.

ನಾವೆಂದರೆ ಮೂವರು. ಇಬ್ಬರು ಸಹೋದರರು ಮತ್ತು ನಮ್ಮ ತಂಗಿಯ ಪತಿ. ಸಹೋದರರಲ್ಲಿ ಒಬ್ಬರು ತೀರ್ಥಹಳ್ಳಿಯ ಸಮೀಪ ಶಾಲಾ ಶಿಕ್ಷಕರು. ಇನ್ನೊಬ್ಬರು ಶಿವಮೊಗ್ಗದಲ್ಲಿ ಪುಸ್ತಕದ ಅಂಗಡಿ ಇಟ್ಟವರು. ಭಾವ ದುಬೈಯಲ್ಲಿ ಉದ್ಯೋಗದಲ್ಲಿದ್ದರು. 2010ರಲ್ಲಿ ಅವರು ರಜೆಯ ಮೇಲೆ ಊರಿಗೆ ಬಂದಾಗ ಕೈಯಲ್ಲಿ ಕ್ಯಾನನ್ ಪವರ್‌ಶಾಟ್ ಜಿ11 ಎಂಬ ಕಪ್ಪು ಕ್ಯಾಮೆರಾ ಇತ್ತು. ಅಂಗಿಯ ಜೇಬಿಗೆ ಅದು ದೊಡ್ಡದು, ಮದುವೆ ಮನೆಯ ಛಾಯಾಗ್ರಾಹಕರು ಕುತ್ತಿಗೆಗೆ ತೂಗುಹಾಕಿಕೊಳ್ಳುವ ಕ್ಯಾಮೆರಾಗಳ ಮುಂದೆ ಚಿಕ್ಕದು. ಅದರ ನೆತ್ತಿಯ ಮೇಲೆ ಹಳೆಯ ರೇಡಿಯೋಗಳಲ್ಲಿದ್ದಂತೆ ತಿರುಗಿಸುವ ಬಿಲ್ಲೆಗಳಿದ್ದವು. ಒಂದು ವಾರ ಕೈಯಿಂದ ಕೈಗೆ ಅದು ಓಡಾಡಿತು. ಅದೇ ವರ್ಷ ಗಲ್ಫಿನಿಂದ ಬರುವ ಪರಿಚಿತರ ಮೂಲಕ ಇನ್ನೆರಡನ್ನು ತರಿಸಿಕೊಂಡೆವು. ಹೀಗೆ ಒಂದೇ ಕುಟುಂಬದಲ್ಲಿ ಒಂದೇ ಬಗೆಯ ಮೂರು ಕ್ಯಾಮೆರಾಗಳಿಗೆ ನಾವು ಒಡೆಯರಾದೆವು.

ಈ ಕ್ಯಾಮೆರಾದ ಹಿಂದೆ ಒಂದು ಗಮನಾರ್ಹವಾದ ಕಥೆಯಿದೆ. ಕ್ಯಾನನ್‌ನ ಜಿ ಸರಣಿ ಆರಂಭವಾದದ್ದು 2000ದಲ್ಲಿ. ಗಾತ್ರದಲ್ಲಿ ಚಿಕ್ಕದಾಗಿದ್ದು, ದೊಡ್ಡ ಕ್ಯಾಮೆರಾಗಳಂತೆ ಬೆಳಕು, ವೇಗ ಎಲ್ಲವನ್ನೂ ಬಳಸುವವನೇ ನಿರ್ಧರಿಸಬಹುದಾದ ಕ್ಯಾಮೆರಾ ಅದು. 2006ರ ಜಿ7ರಲ್ಲಿ ತಿರುಗುವ ಪರದೆಯನ್ನೂ 'ರಾ' ಎಂಬ ಕಚ್ಚಾ ಕಡತದ ಸೌಲಭ್ಯವನ್ನೂ ಕೈಬಿಡಲಾಯಿತು. ಬಳಕೆದಾರರು ಅಸಮಾಧಾನಗೊಂಡರು. 2007ರ ಜಿ9ರಲ್ಲಿ 'ರಾ' ಮರಳಿ ಬಂತು. 2008ರ ಜಿ10ರಲ್ಲಿ ಮೆಗಾಪಿಕ್ಸೆಲ್‌ಗಳ ಸಂಖ್ಯೆ 14.7ಕ್ಕೆ ಏರಿತು. ಅಂಗಡಿಗೆ ಹೋದವರೆಲ್ಲ "ಎಷ್ಟು ಮೆಗಾಪಿಕ್ಸೆಲ್?" ಎಂದಷ್ಟೇ ಕೇಳುತ್ತಿದ್ದ ಕಾಲವದು. ಆದರೆ ಮಂದ ಬೆಳಕಿನಲ್ಲಿ ಚಿತ್ರದ ತುಂಬ ರವೆ ಚೆಲ್ಲಿದಂತೆ ಕಾಣುತ್ತದೆ ಎಂಬ ಆಕ್ಷೇಪ ಕೇಳಿಬಂತು. ಮರುವರ್ಷ, 2009ರಲ್ಲಿ ಬಂದ ಜಿ11ರಲ್ಲಿ ಆ ಸಂಖ್ಯೆಯನ್ನು 10ಕ್ಕೆ ಇಳಿಸಲಾಗಿತ್ತು. ತಿರುಗುವ ಪರದೆಯೂ ಮರಳಿತ್ತು.

ಇದರ ಹಿಂದಿನ ತರ್ಕವನ್ನು ನಮ್ಮ ಮಲೆನಾಡಿನ ಅಂಗಳದಲ್ಲೇ ಕಾಣಬಹುದು. ಮಳೆಗಾಲದಲ್ಲಿ ಅಂಗಳದ ಒಂದೇ ಜಾಗದಲ್ಲಿ ಹದಿನೈದು ಲೋಟಗಳನ್ನು ಒತ್ತೊತ್ತಾಗಿ ಇಡಬಹುದು, ಇಲ್ಲವೇ ಅಗಲ ಬಾಯಿಯ ಹತ್ತು ಪಾತ್ರೆಗಳನ್ನು ಇಡಬಹುದು. ಜಡಿಮಳೆಗೆ ಎರಡೂ ತುಂಬುತ್ತವೆ. ಆದರೆ ತುಂತುರು ಮಳೆಯಲ್ಲಿ ಲೋಟದ ತಳ ಒದ್ದೆಯಾಗುವಷ್ಟೇ ನೀರು ಸಿಗುತ್ತದೆ, ಪಾತ್ರೆಯಲ್ಲಿ ಒಂದಿಷ್ಟಾದರೂ ನಿಲ್ಲುತ್ತದೆ. ಕ್ಯಾಮೆರಾದ ಸಂವೇದಕವೆಂಬ ಅಂಗಳ ಕಿರುಬೆರಳಿನ ಉಗುರಿಗಿಂತ ದೊಡ್ಡದೇನಲ್ಲ. ಅಷ್ಟು ಜಾಗದಲ್ಲಿ ಪಿಕ್ಸೆಲ್‌ಗಳು ಹೆಚ್ಚಿದಷ್ಟೂ ಒಂದೊಂದರ ಪಾಲಿಗೆ ಬೀಳುವ ಬೆಳಕು ಕಡಿಮೆಯಾಗುತ್ತದೆ. ಎಲ್ಲರೂ ಹೆಚ್ಚಿಸುವ ಸ್ಪರ್ಧೆಯಲ್ಲಿದ್ದಾಗ ತನ್ನದೇ ಸಂಖ್ಯೆಯನ್ನು ಇಳಿಸಿಕೊಂಡ ಆ ನಿರ್ಧಾರವನ್ನು ನಾವು ಬಹಳ ಮೆಚ್ಚಿಕೊಂಡಿದ್ದೆವು. ಮೆಚ್ಚುವುದು ಸುಲಭ. ಅದರಿಂದ ನಾವೇನೂ ಕಲಿಯಲಿಲ್ಲ ಎಂಬುದು ಆಮೇಲಿನ ಮಾತು.

ಆರಂಭದ ದಿನಗಳು ಸಂತೋಷದಿಂದ ಕೂಡಿದ್ದವು. ಈದ್ಗಾದಲ್ಲಿ ಬಿಳಿ ಬಟ್ಟೆ ತೊಟ್ಟ ಸಾಲುಗಳನ್ನು ತೆಗೆದರೆ ಚಿತ್ರದಲ್ಲಿ ಬಿಳಿಯೆಲ್ಲ ಬೂದಿಯಾಗುತ್ತಿತ್ತು. ಬಿಳಿಯಾಗಲಿ ಕಪ್ಪಾಗಲಿ, ಕ್ಯಾಮೆರಾದ ಬೆಳಕಿನ ಮಾಪಕ ಎಲ್ಲವನ್ನೂ ನಡುವಣ ಬೂದಿಗೆ ತರಲು ನೋಡುತ್ತದೆ. ಎಡಬದಿಯ ಬಿಲ್ಲೆಯನ್ನು ಅಧಿಕದ ಕಡೆಗೆ ಒಂದು ಹಂತ ತಿರುಗಿಸಿದರೆ ಬಿಳಿ ಬಿಳಿಯಾಗಿಯೇ ಉಳಿಯುತ್ತದೆ ಎಂದು ಶಿಕ್ಷಕರು ಕಂಡುಕೊಂಡರು. ಅಂಗಡಿಯವರು ಒಂದು ಸೆಂಟಿಮೀಟರ್ ಹತ್ತಿರದಿಂದಲೂ ಚಿತ್ರ ತೆಗೆಯಬಹುದಾದ ಸೌಲಭ್ಯವನ್ನು ಬಳಸಿ ಅಜ್ಜನ ಕಾಲದ ಪತ್ರಗಳನ್ನೂ ಗೆದ್ದಲು ಹಿಡಿದ ಜಮೀನಿನ ಕಾಗದಗಳನ್ನೂ ಚಿತ್ರಗಳಾಗಿ ಉಳಿಸಿದರು. ಬೀದಿದೀಪದ ಹಳದಿಯಲ್ಲಿ ತೆಗೆದ ಮಕ್ಕಳ ಮುಖಗಳನ್ನು 'ರಾ' ಕಡತದಿಂದ ಸಹಜ ಬಣ್ಣಕ್ಕೆ ತರುವ ವಿದ್ಯೆ ಭಾವನಿಗೆ ಒಲಿಯಿತು. ಕಿಂಡಿಯಲ್ಲಿ ಕಣ್ಣಿಟ್ಟು ನೋಡಿದರೆ ಚಿತ್ರದಲ್ಲಿ ಮೂಡುವುದರ ಸುಮಾರು ಮುಕ್ಕಾಲು ಭಾಗ ಮಾತ್ರ ಕಾಣುತ್ತದೆ ಎಂಬುದನ್ನೂ ತಿಳಿದುಕೊಂಡೆವು. ನಾವು ನೋಡದೇ ಇದ್ದದ್ದೂ ಚಿತ್ರದ ಅಂಚಿನಲ್ಲಿ ಬಂದು ಕೂರುತ್ತಿತ್ತು.

ಆದರೆ ನಮ್ಮನ್ನು ಹೆಚ್ಚು ಮರುಳು ಮಾಡಿದ್ದು ತಿರುಗುವ ಪರದೆ. ಅದನ್ನು ಹೊರಕ್ಕೆ ತೆರೆದು ಮೇಲ್ಮುಖವಾಗಿ ತಿರುಗಿಸಿಕೊಂಡರೆ ಕ್ಯಾಮೆರಾವನ್ನು ಸೊಂಟದ ಎತ್ತರದಲ್ಲಿ ಹಿಡಿದು, ತಲೆ ತಗ್ಗಿಸಿ ಚಿತ್ರ ತೆಗೆಯಬಹುದು. ಎದುರಿಗಿದ್ದವರಿಗೆ ನಾವು ಹಳೆಯ ಚಿತ್ರಗಳನ್ನು ನೋಡುತ್ತಿರುವಂತೆ ಕಾಣುತ್ತದೆ. ಇದರೊಳಗೆ ದೊಡ್ಡ ಕ್ಯಾಮೆರಾಗಳಲ್ಲಿರುವ ಕನ್ನಡಿ ಇಲ್ಲದ ಕಾರಣ ಅದು ಮೇಲೆದ್ದು ಬೀಳುವ ಸದ್ದೂ ಇಲ್ಲ. ಕೃತಕ ಶಬ್ದವನ್ನು ನಿಲ್ಲಿಸಿಬಿಟ್ಟರೆ ಪಕ್ಕದಲ್ಲಿದ್ದವರಿಗೂ ತಿಳಿಯುವುದಿಲ್ಲ. "ಸಹಜ ಚಿತ್ರಗಳು" ಎಂದು ನಾವು ಅವುಗಳನ್ನು ಹೆಮ್ಮೆಯಿಂದ ಕರೆಯುತ್ತಿದ್ದೆವು. ಒಬ್ಬರಿಗೆ ತಿಳಿಯದಂತೆ ಅವರಿಂದ ಏನನ್ನಾದರೂ ತೆಗೆದುಕೊಳ್ಳುವುದಕ್ಕೆ ನಮ್ಮ ಭಾಷೆಯಲ್ಲಿ ಬೇರೆಯೇ ಪದವಿದೆ ಎಂದು ಅಂದು ಯಾರಿಗೂ ಹೊಳೆಯಲಿಲ್ಲ.

2011ರಲ್ಲಿ ಕುಟುಂಬದಲ್ಲಿ ಒಂದು ಮದುವೆ. ತೀರ್ಥಹಳ್ಳಿಯ ಮನೆಯಲ್ಲಿ ನೆಂಟರೆಲ್ಲ ಸೇರಿದ್ದರು. ನಮ್ಮ ಖಾಲಾ, ಅಂದರೆ ಅಮ್ಮಿಯ ಅಕ್ಕ, ಎಂದೂ ಕ್ಯಾಮೆರಾದ ಮುಂದೆ ನಿಂತವರಲ್ಲ. ಯಾರಾದರೂ ಕ್ಯಾಮೆರಾ ಎತ್ತಿದರೆ ಏನಾದರೂ ಕೆಲಸ ನೆನಪಾದವರಂತೆ ಎದ್ದು ಒಳಗೆ ಹೋಗುತ್ತಿದ್ದರು. ಗುರುತಿನ ಚೀಟಿಯ ಚಿತ್ರ ಬಿಟ್ಟರೆ ಅವರ ಚಿತ್ರವೆಂಬುದೇ ಇರಲಿಲ್ಲ. ಮದುವೆಯ ಹಿಂದಿನ ಮಧ್ಯಾಹ್ನ ಹಿತ್ತಿಲ ಜಗಲಿಯಲ್ಲಿ ಅವರೊಬ್ಬರೇ ಕುಳಿತಿದ್ದಾಗ ನಮ್ಮಲ್ಲೊಬ್ಬರು ಪರದೆಯನ್ನು ತಿರುಗಿಸಿ ಚಿತ್ರ ತೆಗೆದರು. ಯಾರೆಂದು ಇಲ್ಲಿ ಹೇಳುವ ಅಗತ್ಯವಿಲ್ಲ. ಅಂದು ಅವರಲ್ಲದಿದ್ದರೆ ಮತ್ತೊಬ್ಬರು ತೆಗೆಯುತ್ತಿದ್ದರು.

ಸಂಜೆ ಮಕ್ಕಳು ಪರದೆಯ ಸುತ್ತ ಮುತ್ತಿಕೊಂಡು ಚಿತ್ರಗಳನ್ನು ನೋಡುವಾಗ ಖಾಲಾ ಅದನ್ನು ಕಂಡರು. ಅವರು ಕೋಪಗೊಳ್ಳಲಿಲ್ಲ. ನಮ್ಮನ್ನು ಪಕ್ಕಕ್ಕೆ ಕರೆದು, "ಇದನ್ನು ತೆಗೆದುಬಿಡು ಬೇಟಾ. ಯಾರಿಗೂ ತೋರಿಸಬೇಡ" ಎಂದರು. ಅವರ ಎದುರಿನಲ್ಲೇ ಅಳಿಸುವ ಗುಂಡಿಯನ್ನು ಒತ್ತಿದೆವು. "ಹೋಯ್ತಾ?" ಎಂದು ಕೇಳಿದರು. "ಹೋಯ್ತು ಖಾಲಾ" ಎಂದೆವು. ಅಂದು ಆ ಕಾರ್ಡು ಬಹುತೇಕ ತುಂಬಿದ್ದರಿಂದ ಅದನ್ನು ಹೊರತೆಗೆದು ಬೇರೊಂದನ್ನು ಹಾಕಿಕೊಂಡೆವು. ಮಾತು ಅಲ್ಲಿಗೆ ಮುಗಿಯಿತೆಂದು ಭಾವಿಸಿದೆವು.

ವರ್ಷಗಳು ಸರಿದವು. ಫೋನುಗಳೇ ಕ್ಯಾಮೆರಾಗಳಾದವು. ಮೂರು ಜಿ11ಗಳೂ ಕಪಾಟು ಸೇರಿದವು. 2020ರ ಮೇ ತಿಂಗಳಲ್ಲಿ ಖಾಲಾ ನಮ್ಮನ್ನಗಲಿದರು. ವಿದೇಶಗಳ ವಿಮಾನ ಸಂಚಾರ ಮಾರ್ಚ್ ತಿಂಗಳಿಂದಲೇ ನಿಂತಿತ್ತು. ಶಾರ್ಜಾದಲ್ಲಿದ್ದ ಅವರ ಒಬ್ಬಳೇ ಮಗಳಿಗೆ ತಾಯಿಯ ಮುಖವನ್ನು ಕೊನೆಯ ಬಾರಿ ನೋಡಲಾಗಲಿಲ್ಲ. ಮರುವರ್ಷ ಆಕೆ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ಅಣ್ಣಾ, ನಿಮ್ಮ ಹಳೆಯ ಚಿತ್ರಗಳಲ್ಲಿ ಎಲ್ಲಾದರೂ ಅಮ್ಮಿ ಇದ್ದಾರಾ?"

ಮೂವರೂ ತಂತಮ್ಮ ಡಬ್ಬಿಗಳನ್ನು ಹುಡುಕಿದೆವು. ಹತ್ತಾರು ಮದುವೆಗಳು, ನೂರಾರು ಮುಖಗಳು ಸಿಕ್ಕವು, ಖಾಲಾ ಇರಲಿಲ್ಲ. ಆಗ ಆ ಹಳೆಯ ಕಾರ್ಡಿನ ನೆನಪಾಯಿತು. ಕಾರ್ಡಿನಲ್ಲಿ ಚಿತ್ರವನ್ನು ಅಳಿಸಿದರೆ ಅದು ಕೂಡಲೇ ಇಲ್ಲವಾಗುವುದಿಲ್ಲ. ಪುಸ್ತಕದ ಪರಿವಿಡಿಯಿಂದ ಒಂದು ಸಾಲನ್ನು ಹೊಡೆದುಹಾಕಿದಂತೆ, ಪುಟ ಒಳಗೆ ಹಾಗೆಯೇ ಇರುತ್ತದೆ. ಅದರ ಮೇಲೆ ಹೊಸದೊಂದು ಬರೆಯಲ್ಪಡುವವರೆಗೂ ಅದು ಅಲ್ಲೇ ಇರುತ್ತದೆ. ಅಳಿದ ಕಡತಗಳನ್ನು ಹುಡುಕಿಕೊಡುವ ತಂತ್ರಾಂಶವನ್ನು ಓಡಿಸಿದೆವು. ಲ್ಯಾಪ್‌ಟಾಪಿನ ಪರದೆಯಲ್ಲಿ ಪುಟ್ಟ ಚಿತ್ರಗಳು ಒಂದೊಂದಾಗಿ ಮೂಡತೊಡಗಿದವು. ಅವುಗಳ ನಡುವೆ ಜಗಲಿಯಲ್ಲಿ ಕುಳಿತ ಖಾಲಾ ಇದ್ದರು.

ಆ ಕ್ಷಣದ ನಮ್ಮ ಮನಸ್ಥಿತಿಯನ್ನು ಮುಚ್ಚಿಡಬಾರದು. ಮೊದಲು ಸಂತೋಷವಾಯಿತು. ಆಮೇಲೆ ನಾಚಿಕೆಯಾಯಿತು. "ಹೋಯ್ತು ಖಾಲಾ" ಎಂದು ಹೇಳಿದ್ದೆವಲ್ಲ! ಹತ್ತು ವರ್ಷಗಳ ಕಾಲ ಅದು ನಮ್ಮ ಡಬ್ಬಿಯಲ್ಲೇ ಇತ್ತು. ತಿಳಿಯದೆ ಹೇಳಿದ ಮಾತು ಸುಳ್ಳಲ್ಲವೆಂದು ಒಬ್ಬರು ವಾದಿಸಿದರು. ಈಗ ತಿಳಿದಿದೆಯಲ್ಲ ಎಂದು ಮತ್ತೊಬ್ಬರು ಕೇಳಿದರು. ತಾಯಿಗಾಗಿ ಹಂಬಲಿಸುವ ಮಗಳಿಗೆ ಒಂದು ಚಿತ್ರ ಕೊಟ್ಟರೆ ತಪ್ಪೇನು? ಖಾಲಾ ಇದ್ದಿದ್ದರೆ ಮಗಳಿಗಾಗಿ ಒಪ್ಪುತ್ತಿರಲಿಲ್ಲವೇ? ಒಪ್ಪುತ್ತಿದ್ದರೇನೋ. ಆದರೆ ಕೇಳಲು ಅವರಿಲ್ಲ. ಇಲ್ಲದವರ ಪರವಾಗಿ ನಮಗೆ ಅನುಕೂಲವಾದ ಉತ್ತರವನ್ನು ನಾವೇ ಹೇಳಿಕೊಳ್ಳುವುದು ಬಹಳ ಸುಲಭ. ಅವರು ನಿಜವಾಗಿ ಹೇಳಿದ್ದ ಮಾತು ಒಂದೇ. ಅದನ್ನು ನಾವು ಕಿವಿಯಾರೆ ಕೇಳಿದ್ದೆವು.

ನಮ್ಮ ಮನೆಗಳಲ್ಲಿ ಅಮಾನತ್ ಎಂಬ ಪದಕ್ಕೆ ದೊಡ್ಡ ತೂಕವಿದೆ. ಒಬ್ಬರು ನಂಬಿ ಇಟ್ಟ ಹಣ, ಒಡವೆ, ಗುಟ್ಟು ಎಲ್ಲವೂ ಅಮಾನತ್ ಎಂದು ಮಕ್ಕಳಿಗೆ ಕಲಿಸುತ್ತೇವೆ. ಒಬ್ಬರ ಮುಖವೂ ಅಮಾನತ್ ಎಂದು ನಮಗೆ ಯಾರೂ ಕಲಿಸಿರಲಿಲ್ಲ. ಖಾಲಾ ಕಲಿಸಲು ಪ್ರಯತ್ನಿಸಿದ್ದರು, ನಾವು ಗುಂಡಿ ಒತ್ತಿ ಪಾಠ ಮುಗಿಸಿದ್ದೆವು.

ಆ ಚಿತ್ರವನ್ನು ಲ್ಯಾಪ್‌ಟಾಪಿಗೆ ಉಳಿಸಿಕೊಳ್ಳಲಿಲ್ಲ. ತಂಗಿಗೆ ಫೋನು ಮಾಡಿ ನಡೆದುದೆಲ್ಲವನ್ನೂ ಹೇಳಿದೆವು. ಕದ್ದು ತೆಗೆದದ್ದು, ಅಳಿಸಿದ್ದೇವೆ ಎಂದು ಮಾತು ಕೊಟ್ಟದ್ದು, ಈಗ ಅದು ಕಣ್ಣಮುಂದೆ ಇರುವುದು. ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಬಳಿಕ, "ಅಮ್ಮಿ ಬೇಡ ಅಂದಿದ್ರೆ ಬೇಡ ಅಣ್ಣಾ" ಎಂದಳು. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, "ಅದರಲ್ಲಿ ಹೇಗಿದ್ದಾರೆ, ಹೇಳಿ" ಎಂದು ಕೇಳಿದಳು.

ಹೇಳಿದೆವು. ಬೆಳಕು ಯಾವ ಕಡೆಯಿಂದ ಬೀಳುತ್ತಿತ್ತು, ಕೈಗಳು ಎಲ್ಲಿದ್ದವು, ಮುಖದಲ್ಲಿ ಏನಿತ್ತು ಎಂದು ಮೂವರೂ ಸರದಿಯಲ್ಲಿ, ಒಬ್ಬರು ಮರೆತದ್ದನ್ನು ಮತ್ತೊಬ್ಬರು ಸೇರಿಸುತ್ತ ಹೇಳಿದೆವು. ಅಷ್ಟು ವರ್ಷ ಸಾವಿರಾರು ಚಿತ್ರಗಳನ್ನು ತೆಗೆದವರು ಒಂದೇ ಒಂದು ಚಿತ್ರವನ್ನು ನಿಜವಾಗಿ ನೋಡಿದ್ದು ಅಂದೇ ಇರಬೇಕು. ಆ ವಿವರಗಳು ಮಗಳಿಗೆ ಸೇರಿದವು. ಅವನ್ನು ಇಲ್ಲಿ ಬರೆಯುವುದಿಲ್ಲ.

ಕಾರ್ಡನ್ನು ಮುರಿದು ಎಸೆಯಬಹುದಿತ್ತು. ತಂಗಿ ಬೇರೊಂದು ಮಾತು ಹೇಳಿದಳು: "ಅದರ ಮೇಲೆ ಅಮ್ಮಿಯ ಮನೆಯನ್ನು ತುಂಬಿ ಕಳಿಸಿ." ಕಾರ್ಡಿನಲ್ಲಿದ್ದ ಮದುವೆಯ ಚಿತ್ರಗಳನ್ನು ಬೇರೆಡೆಗೆ ನಕಲಿಸಿ ಅದನ್ನು ಬರಿದು ಮಾಡಿದೆವು. ಕಪಾಟಿನ ಜಿ11ರ ಬ್ಯಾಟರಿಯನ್ನು ಚಾರ್ಜಿಗೆ ಹಾಕಿದೆವು. ಅದೃಷ್ಟವಶಾತ್ ಅದು ಇನ್ನೂ ಜೀವ ಹಿಡಿದಿತ್ತು. ಮೂವರೂ ಖಾಲಾರ ಮನೆಗೆ ಹೋದೆವು. ಮನೆಯಲ್ಲಿದ್ದವರ ಅನುಮತಿ ಪಡೆದು ಒಂದೊಂದನ್ನೇ ತೆಗೆದೆವು. ಬಾವಿಯ ಕಟ್ಟೆ, ಹಗ್ಗ ಸವೆಸಿದ ರಾಟೆ, ಹಿತ್ತಿಲ ಕರಿಬೇವಿನ ಗಿಡ, ಹೊಗೆಗೆ ಕಪ್ಪಾದ ಅಡುಗೆಮನೆಯ ಗೋಡೆ, ಅಡಕೆಕತ್ತರಿ, ಹೊಲಿಗೆ ಯಂತ್ರ, ಅವರು ಕೂರುತ್ತಿದ್ದ ಜಗಲಿ. ಜಗಲಿ ಬರಿದಾಗಿತ್ತು. ಕಾರ್ಡು ತುಂಬಿದೆ ಎಂದು ಕ್ಯಾಮೆರಾ ತಿಳಿಸುವವರೆಗೂ ತೆಗೆದೆವು. ಮನೆಗೆ ಬಂದು ಅದೇ ತಂತ್ರಾಂಶವನ್ನು ಮತ್ತೊಮ್ಮೆ ಓಡಿಸಿದೆವು. ಹಳೆಯದೊಂದೂ ಸಿಗಲಿಲ್ಲ. ಕೊಟ್ಟ ಮಾತು ಹತ್ತು ವರ್ಷ ತಡವಾಗಿ ನಿಜವಾಯಿತು. ಕಾರ್ಡು ಶಾರ್ಜಾಕ್ಕೆ ಹೋಯಿತು.

ಇಂದು ನಿಮ್ಮೆಲ್ಲರ ಜೇಬಿನಲ್ಲೂ ನಮ್ಮ ಜಿ11ಕ್ಕಿಂತ ಚುರುಕಾದ ಕ್ಯಾಮೆರಾ ಇದೆ. ಅದಕ್ಕೆ ಪರದೆಯನ್ನು ತಿರುಗಿಸುವ ಶ್ರಮವೂ ಬೇಡ. ತೆಗೆದದ್ದು ಮರುಕ್ಷಣವೇ ಹತ್ತು ಗುಂಪುಗಳಿಗೆ ಹೋಗುತ್ತದೆ. ಅಲ್ಲಿಗೆ ಹೋದದ್ದನ್ನು ಯಾವ ಕಾರ್ಡನ್ನು ತುಂಬಿಯೂ ಮರಳಿ ಪಡೆಯಲಾಗುವುದಿಲ್ಲ. ನಾವು ಕ್ಯಾಮೆರಾವನ್ನು ದೂರುತ್ತಿಲ್ಲ. ಅಜ್ಜನ ಪತ್ರಗಳು ಉಳಿದದ್ದು ಅದರಿಂದಲೇ. ಕುಟುಂಬದ ಸಮಾರಂಭಗಳಲ್ಲಿ ಇಂದಿಗೂ ಚಿತ್ರ ತೆಗೆಯುವವರು ನಾವೇ. ಆದರೆ ಈಗ ಮೊದಲು ಕೇಳುತ್ತೇವೆ. ಬೇಡವೆಂದವರನ್ನು ಬಿಡುತ್ತೇವೆ. ಮಕ್ಕಳು ಅಳುವಾಗ, ಹಿರಿಯರು ಕಾಯಿಲೆಯಲ್ಲಿ ಮಲಗಿರುವಾಗ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತೇವೆ. ಹಾಗಾಗಿ ನಮ್ಮ ಚಿತ್ರಗಳ ಸಂಖ್ಯೆ ಬಹಳ ಇಳಿದಿದೆ. 14.7ರಿಂದ 10ಕ್ಕೆ ಇಳಿದ ಆ ಕ್ಯಾಮೆರಾವನ್ನು ಅಂದು ಬರೀ ಮೆಚ್ಚಿಕೊಂಡಿದ್ದೆವು. ಈಗ ಅದರ ಹಾದಿಯಲ್ಲಿ ಸ್ವಲ್ಪವಾದರೂ ನಡೆಯುತ್ತಿದ್ದೇವೆ.

ಮುಂದಿನ ಮದುವೆಯಲ್ಲಿ ನೀವು ಫೋನು ಎತ್ತಿದಾಗ ಹಿರಿಯರೊಬ್ಬರು ಕೆಲಸ ನೆನಪಾದವರಂತೆ ಎದ್ದು ಒಳಗೆ ಹೋದರೆ, ದಯವಿಟ್ಟು ಫೋನನ್ನು ಕೆಳಗಿಳಿಸಿ. ಅವರ ಹಿಂದೆಯೇ ಒಳಗೆ ಹೋಗಿ ಅವರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ಮುಂದೊಂದು ದಿನ ಯಾರಾದರೂ "ಅವರು ಹೇಗಿದ್ದರು?" ಎಂದು ಕೇಳಿದಾಗ ಹೇಳಲು ನಿಮ್ಮಲ್ಲಿ ಮಾತುಗಳಿರಲಿ.