ಲಂಕೆಯಲ್ಲಿ ಮೂರು ಟೆಸ್ಟು, ಒಂದು ಜಾತ್ರೆ!

ನಮ್ಮೂರ ಥಿಯೇಟರಿನಲ್ಲಿ ಕೂತಾಗ ಅಭಿಮಾನಿಯೇ ರಾಜ. ಕಟೌಟ್ ನಿಲ್ಲಿಸುವವರು ನಾವು, ಹಾರ ಹಾಕುವವರು ನಾವು, ಹೀರೋ ಬಂದಾಗ ಶಿಳ್ಳೆ ಹೊಡೆಯುವವರೂ ನಾವೇ. ಪಕ್ಕದ ಸೀಟಿನವನೂ ನಮ್ಮ ಪಾರ್ಟಿಯೇ. ಆದರೆ ಕಡಲು ದಾಟಿ, ಬೇರೆಯವರ ಊರಲ್ಲಿ, ಬೇರೆಯವರ ಮೈದಾನದಲ್ಲಿ, ಸುತ್ತಲೂ ಎದುರಾಳಿ ತಂಡದ ಅಭಿಮಾನಿಗಳೇ ತುಂಬಿರುವಾಗ ನಮ್ಮವರಿಗೆ ಜೈ ಅನ್ನುವುದಿದೆಯಲ್ಲಾ... ಅದರ ಗಮ್ಮತ್ತೇ ಬೇರೆ ಸ್ವಾಮಿ! ಅದರ ಕಷ್ಟವೂ ಬೇರೆ.

2015ರ ಆಗಸ್ಟ್ ತಿಂಗಳು. ವಿರಾಟ್ ಕೊಹ್ಲಿ ತಂಡ ಮೂರು ಟೆಸ್ಟ್ ಆಡಲು ಶ್ರೀಲಂಕಾಕ್ಕೆ ಹೊರಟಿತ್ತು. 1993ರಲ್ಲಿ ಅಜರುದ್ದೀನ್ ತಂಡ ಗೆದ್ದು ಬಂದಿತ್ತಷ್ಟೆ. ಆಮೇಲೆ 22 ವರ್ಷ ಆ ದ್ವೀಪದಲ್ಲಿ ಭಾರತಕ್ಕೆ ಟೆಸ್ಟ್ ಸರಣಿ ದಕ್ಕಿರಲಿಲ್ಲ. 'ಪಂದ್ಯವನ್ನೂ ನೋಡಿ, ದೇಶವನ್ನೂ ನೋಡಿ' ಅನ್ನುವ ಟೂರ್ ಸಿಕ್ಕಿತು. ಹೊರಟವರಲ್ಲಿ ನಾವು ಕನ್ನಡಿಗರು ಒಂಬತ್ತು ಮಂದಿ. ದಾವಣಗೆರೆಯ ಬಟ್ಟೆ ಅಂಗಡಿ ಅಣ್ಣ, ಹಾಸನದ ಒಬ್ಬ ರಿಟೈರ್ಡ್ ಮೇಷ್ಟ್ರು, ಮೊಬೈಲ್ ಅಂಗಡಿಯಲ್ಲಿ ಎರಡು ವರ್ಷ ದುಡಿದು ಕೂಡಿಟ್ಟ ಹಣದಲ್ಲಿ ಬಂದಿದ್ದ ಹುಬ್ಬಳ್ಳಿಯ ಹುಡುಗ... ಹೀಗೆ ಒಬ್ಬೊಬ್ಬರದೂ ಒಂದೊಂದು ಕಥೆ. ಹುಬ್ಬಳ್ಳಿ ಹುಡುಗನ ದುಡ್ಡು ಎರಡೇ ಟೆಸ್ಟಿಗೆ ಸಾಕಾಗುವಷ್ಟಿತ್ತು. ಮೂರನೆಯದಕ್ಕೆ ಮುಂಚೆಯೇ ಅವನು ವಾಪಸ್ ಹೊರಡಬೇಕು.

ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆ. ಮೆಜೆಸ್ಟಿಕ್‌ನಿಂದ ದೇವನಹಳ್ಳಿ ವಿಮಾನ ನಿಲ್ದಾಣ ಮುಟ್ಟಲು ನಮಗೆ ಅದಕ್ಕಿಂತ ಹೆಚ್ಚು ಹೊತ್ತು ಹಿಡಿದಿತ್ತು!

ಮಚ್ಚಾ ಅಲ್ಲಿ 'ಮಚಾನ್'!

ಇಳಿದ ಕೂಡಲೇ ಕಣ್ಣಿಗೆ ಬಿದ್ದದ್ದು ಸಿಂಹಳ ಅಕ್ಷರ. ದುಂಡು ದುಂಡಗೆ, ನಮ್ಮ ಕನ್ನಡದ ದಾಯಾದಿಯ ಹಾಗೆ ಕಾಣುತ್ತದೆ. ಓದಲು ಹೋದರೆ ಒಂದೂ ಬರುವುದಿಲ್ಲ! ಆದರೆ ಕಿವಿಗೆ ಬಿದ್ದ ಮಾತು ಪರಿಚಯದ್ದು. ನಮ್ಮ ಬೆಂಗಳೂರಿನ ಹುಡುಗರು 'ಮಚ್ಚಾ' ಅಂತಾರಲ್ಲ, ಅಲ್ಲಿನವರು ಗೆಳೆಯನನ್ನು 'ಮಚಾನ್' ಅನ್ನುತ್ತಾರೆ. ಅಣ್ಣನಿಗೆ 'ಅಯ್ಯಾ', ತಮ್ಮನಿಗೆ 'ಮಲ್ಲಿ'. ಮೂರು ಮಾತು ಕಲಿತರೆ ಸಾಕು, ಆಟೋ ಸವಾರಿ ಸಲೀಸು. ಆಗ ನಮ್ಮ ಒಂದು ರೂಪಾಯಿಗೆ ಅಲ್ಲಿನ ಎರಡು ರೂಪಾಯಿ. ಜೇಬಿನಲ್ಲಿದ್ದದ್ದು ಒಂದೇ ಏಟಿಗೆ ಡಬಲ್!

ಕೊಲಂಬೊ ಫೋರ್ಟ್ ಸ್ಟೇಷನ್ನಿನಿಂದ ಗಾಲೆಗೆ ರೈಲು. ಹಳಿಯ ಪಕ್ಕದಲ್ಲೇ ಸಮುದ್ರ. ಬಾಗಿಲಲ್ಲಿ ನಿಂತರೆ ಉಪ್ಪು ಗಾಳಿ ಮುಖಕ್ಕೆ ರಪ್ ಅಂತ ಬಡಿಯುತ್ತದೆ. ಹಾಡಿಗೆ ಹೇಳಿ ಮಾಡಿಸಿದ ಲೊಕೇಶನ್ ಅಂತ ನಾವೆಲ್ಲ ಕೂಗಾಡುತ್ತಿದ್ದೆವು. ಪೆರಲಿಯ ಅನ್ನುವ ಊರು ಹತ್ತಿರ ಬಂದಾಗ ಎದುರಿನ ಸೀಟಿನ ಮುದುಕರು ಕಿಟಕಿಯಾಚೆ ಕೈ ತೋರಿಸಿದರು. 2004ರ ಡಿಸೆಂಬರ್ 26ರಂದು ಸುನಾಮಿ ಅಲೆ ಅಲ್ಲಿ ಒಂದು ಇಡೀ ರೈಲನ್ನೇ ನುಂಗಿತ್ತು. ಸತ್ತವರು ಸಾವಿರಕ್ಕೂ ಹೆಚ್ಚು. ನಮ್ಮ ಬೋಗಿಯಲ್ಲಿ ಆಮೇಲೆ ಯಾರೂ ಶಿಳ್ಳೆ ಹೊಡೆಯಲಿಲ್ಲ.

ಕೋಟೆ ಮೇಲೆ ಪುಕ್ಕಟೆ ಗ್ಯಾಲರಿ

ಅದೇ ಅಲೆ ಗಾಲೆಯ ಕ್ರಿಕೆಟ್ ಮೈದಾನವನ್ನೂ ಹೊಡೆದು ಹಾಕಿತ್ತು. ಮತ್ತೆ ಕಟ್ಟಿ, 2007ರ ಡಿಸೆಂಬರಿನಲ್ಲಿ ಟೆಸ್ಟ್ ಆಡಿಸಿದರು. ಒಂದು ಕಾಲಕ್ಕೆ ಅದು ಕುದುರೆ ರೇಸಿನ ಬಯಲು. ಪಕ್ಕದಲ್ಲೇ ಕೋಟೆ. ಮೊದಲು ಪೋರ್ಚುಗೀಸರು ಶುರು ಮಾಡಿದ್ದು, ಆಮೇಲೆ ಡಚ್ಚರು ಬಲಪಡಿಸಿದ್ದು. 1988ರಿಂದ ವಿಶ್ವ ಪರಂಪರೆಯ ತಾಣ. 1883ರ ಗಡಿಯಾರ ಗೋಪುರ ಅದರ ಮೇಲೆ ನಿಂತು ಮೈದಾನವನ್ನೇ ನೋಡುತ್ತಿರುತ್ತದೆ. ಟಿಕೆಟ್ ಇಲ್ಲದವರು ಕೋಟೆ ಗೋಡೆ ಹತ್ತಿ, ಹುಲ್ಲಿನ ಮೇಲೆ ಕೂತು, ಪಂದ್ಯ ನೋಡುತ್ತಾರೆ. ಬೆನ್ನಿಗೆ ಸಮುದ್ರ, ಕಣ್ಣಿಗೆ ಕ್ರಿಕೆಟ್!

ಆ ಗೋಡೆಗೆ ಎಂಥ ಅಭಿಮಾನಿಗಳು ಬರುತ್ತಾರೆ ಗೊತ್ತೇ? 2020ರ ಮಾರ್ಚಿನಲ್ಲಿ ಇಂಗ್ಲೆಂಡಿನ ಒಬ್ಬ ಆಸಾಮಿ ತನ್ನ ತಂಡದ ಆಟ ನೋಡಲು ಲಂಕೆಗೆ ಬಂದ. ಕೊರೊನಾ ಬಂದು ಟೂರ್ ರದ್ದಾಯಿತು. ಆತ ಊರಿಗೆ ಹೋಗಲೇ ಇಲ್ಲ, ಹತ್ತು ತಿಂಗಳು ಅಲ್ಲೇ ಕಾದ! 2021ರ ಜನವರಿಯಲ್ಲಿ ಜೋ ರೂಟ್ ಗಾಲೆಯಲ್ಲಿ 228 ಹೊಡೆದಾಗ ಕೋಟೆ ಮೇಲೆ ನಿಂತಿದ್ದ ಅವನ ಕಡೆ ಬ್ಯಾಟ್ ಎತ್ತಿ ತೋರಿಸಿದರು. ಹತ್ತು ತಿಂಗಳ ಕೂಲಿ ಒಂದೇ ಕ್ಷಣದಲ್ಲಿ ಚುಕ್ತಾ.

ಆಗಸ್ಟ್ ಹದಿನೈದರ ಬೆಳಿಗ್ಗೆ

ನಮ್ಮ ಪಂದ್ಯಕ್ಕೆ ಬರೋಣ. ಮೊದಲ ದಿನ ಅಶ್ವಿನ್ 46 ರನ್ನಿಗೆ 6 ವಿಕೆಟ್ ಕಿತ್ತರು, ಲಂಕಾ 183ಕ್ಕೆ ಮಡಚಿಕೊಂಡಿತು. ಧವನ್ 134, ಕೊಹ್ಲಿ 103. ಎರಡನೇ ಸರದಿಯಲ್ಲಿ ಲಂಕಾ 95ಕ್ಕೆ 5. ಗೆದ್ದೇಬಿಟ್ಟೆವು ಅಂತ ದಾವಣಗೆರೆ ಅಣ್ಣ ಸಿಹಿ ಹಂಚಿದ್ದೂ ಆಯಿತು. ಆಗ ಎದ್ದು ನಿಂತವನು ದಿನೇಶ್ ಚಾಂದಿಮಲ್. ಔಟಾಗದೆ 162! ನಮಗೆ ಬೇಕಾದದ್ದು 176. ಮಾರನೇ ದಿನ ಆಗಸ್ಟ್ 15. ನಾವು ಬಾವುಟ ಹಿಡಿದು, ಕೆನ್ನೆಗೆ ಬಣ್ಣ ಬಳಿದುಕೊಂಡು ಹೋದೆವು.

ರಂಗನ ಹೆರಾತ್ ಅಂತ ಒಬ್ಬರು. ಸ್ವಲ್ಪ ಹೊಟ್ಟೆ, ಕುಳ್ಳಗಿನ ಮೈ, ಬ್ಯಾಂಕಿನಲ್ಲಿ ನೌಕರಿ. ನೋಡಿದರೆ ಸಾಲದ ಫಾರಂ ಕೊಡಲು ಬಂದವರ ಹಾಗಿದ್ದರು. ಎಡಗೈಯಲ್ಲಿ ತಿರುಗಿಸಿ ತಿರುಗಿಸಿ 48 ರನ್ನಿಗೆ 7 ವಿಕೆಟ್ ತೆಗೆದರು! ಭಾರತ 112ಕ್ಕೆ ಆಲೌಟ್. 63 ರನ್ನಿನ ಸೋಲು.

ಹುಬ್ಬಳ್ಳಿ ಹುಡುಗ ಗೇಟಿನ ಹೊರಗೆ ಕುಕ್ಕರಗಾಲಲ್ಲಿ ಕೂತುಬಿಟ್ಟ. "ಅಣ್ಣಾರ, ಎರಡ ವರ್ಷದ ರೊಕ್ಕ ಒಂದ ಮುಂಜಾನಿಗೆ ಹೋತಲ್ರೀ!" ನಮ್ಮಲ್ಲೇ ಒಂದಿಬ್ಬರು ಆಟಗಾರರ ಮನೆತನವನ್ನೆಲ್ಲ ಬೈಯಲು ಶುರು ಮಾಡಿದರು. ನಮ್ಮನ್ನು ಹೋಟೆಲಿಗೆ ಬಿಡಬೇಕಿದ್ದ ಆಟೋದವನು ಸುಮ್ಮನೆ ಎದ್ದು ಹೋದ. ಬರುವಾಗ ಕೈಯಲ್ಲಿ ಕೇಸರಿ ಬಣ್ಣದ ಎಳನೀರು. ಅಲ್ಲಿ ಅದಕ್ಕೆ 'ತಂಬಿಲಿ' ಅನ್ನುತ್ತಾರೆ. ಹುಡುಗನ ಕೈಗಿಟ್ಟು ಹೇಳಿದ: "ಕುಡಿ ಮಲ್ಲಿ. ನಾವು ಇಂಥದ್ದನ್ನು ತುಂಬ ಸಲ ನೋಡಿದ್ದೇವೆ." ಅವನ ಇಂಗ್ಲಿಷೂ ನಮ್ಮ ಇಂಗ್ಲಿಷೂ ಅಣ್ಣ ತಮ್ಮಂದಿರಂತೆ ಇದ್ದವು. ಅರ್ಥವಾಗಲು ಕಷ್ಟವೇ ಆಗಲಿಲ್ಲ. ಎಳನೀರಿಗೆ ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ಗೋಡೆ ಮೇಲೆ ಬರೆದವರು

ಮುಂದಿನ ಟೆಸ್ಟಿಗೆ ನಾಲ್ಕು ದಿನ ಬಿಡುವು. ಸಿಗಿರಿಯಾಕ್ಕೆ ಕರೆದುಕೊಂಡು ಹೋದರು. ಬಯಲಿನ ನಡುವೆ ಎದ್ದು ನಿಂತ ಒಂದೇ ಬಂಡೆ, ಮೆಟ್ಟಿಲು ಸುಮಾರು 1200. ಅದರ ಕಥೆ ಕೇಳಿದರೆ ನಮ್ಮ ನಿರ್ಮಾಪಕರು ಇವತ್ತೇ ಅಡ್ವಾನ್ಸ್ ಕೊಟ್ಟಾರು! ಐದನೇ ಶತಮಾನದಲ್ಲಿ ಕಾಶ್ಯಪ ಅನ್ನುವವನು ಅಪ್ಪನನ್ನೇ ಕೊಂದು ಪಟ್ಟ ಹಿಡಿದ. ಪಟ್ಟಕ್ಕೆ ಹಕ್ಕುಳ್ಳ ಮಲತಮ್ಮ ಮೊಗ್ಗಲ್ಲಾನ ಭಾರತಕ್ಕೆ ಓಡಿಬಂದ. ತಮ್ಮ ಎಂದಾದರೂ ತಿರುಗಿ ಬಂದಾನೆಂಬ ಭಯಕ್ಕೆ ಅಣ್ಣ ಬಂಡೆ ಮೇಲೆ ಅರಮನೆ ಕಟ್ಟಿದ. ತಮ್ಮ ಸೈನ್ಯ ಕಟ್ಟಿಕೊಂಡು ಬಂದೇ ಬಂದ. ಯುದ್ಧದಲ್ಲಿ ಕಾಶ್ಯಪನ ಆನೆ ಕೆಸರು ಕಂಡು ಪಕ್ಕಕ್ಕೆ ತಿರುಗಿತಂತೆ. ರಾಜ ಓಡುತ್ತಿದ್ದಾನೆಂದು ಸೈನ್ಯವೂ ಓಡಿತು. ಒಂಟಿಯಾದ ಕಾಶ್ಯಪ ತನ್ನ ಕತ್ತಿಗೆ ತಾನೇ ಬಲಿಯಾದ ಅಂತ ಹಳೆಯ ಕಥೆ.

ಅರ್ಧ ದಾರಿಯಲ್ಲಿ ಬಂಡೆಯ ಮೇಲೆ ಚಿತ್ರಿಸಿದ ಸುಂದರಿಯರಿದ್ದಾರೆ. ಫೋಟೋ ತೆಗೆಯುವಂತಿಲ್ಲ, ಕಣ್ಣಲ್ಲೇ ತುಂಬಿಕೊಳ್ಳಬೇಕು. ಅಲ್ಲೇ 'ಕನ್ನಡಿ ಗೋಡೆ'. ಸಾವಿರ ವರ್ಷಕ್ಕೂ ಹಿಂದೆ ನೋಡಲು ಬಂದ ಜನ ಆ ಸುಂದರಿಯರನ್ನು ಹೊಗಳಿ ಗೋಡೆ ಮೇಲೆ ಪದ್ಯ ಗೀಚಿ ಹೋಗಿದ್ದಾರೆ. ಮೇಷ್ಟ್ರು ನಕ್ಕರು. "ನೋಡ್ರಪ್ಪಾ, ನಿಮ್ಮ ಅಭಿಮಾನಿ ಸಂಘದ ಮೊದಲ ಸದಸ್ಯರು ಇವರು!"

ಕನ್ನಡ ಬಾವುಟ, ಎದುರಾಳಿಗೆ ಚಪ್ಪಾಳೆ

ಆಗಸ್ಟ್ 20, ಕೊಲಂಬೊದ ಪಿ. ಸಾರಾ ಓವಲ್. 1985ರಲ್ಲಿ ಲಂಕಾ ತನ್ನ ಮೊಟ್ಟಮೊದಲ ಟೆಸ್ಟ್ ಗೆದ್ದ ಮೈದಾನ. ಗೆದ್ದದ್ದು ಯಾರ ಮೇಲೆ? ನಮ್ಮ ಮೇಲೆಯೇ! ಈ ಸಲವೂ ಶುರುವಿನಲ್ಲೇ 12ಕ್ಕೆ 2. ಆದರೆ ಕ್ರೀಸಿನಲ್ಲಿದ್ದವನು ನಮ್ಮ ಹುಡುಗ ಕೆ.ಎಲ್. ರಾಹುಲ್. ಕೊಹ್ಲಿ ಜೊತೆ ಸೇರಿ ದಿನ ದೂಡಿ 108 ಹೊಡೆದರು. ನೂರು ದಾಟಿದಾಗ ನಮ್ಮ ಒಂಬತ್ತು ಮಂದಿಯ ನಡುವಿನಿಂದ ಹಳದಿ ಕೆಂಪು ಬಾವುಟ ಎದ್ದಿತು. ಹುಬ್ಬಳ್ಳಿ ಹುಡುಗನ ಗಂಟಲು ಅಲ್ಲೇ ಕಟ್ಟಿ ಹೋಯಿತು! ಆಮೇಲೆ ಸಾಹಾಗೆ ಪೆಟ್ಟಾದಾಗ ಗ್ಲೌಸ್ ತೊಟ್ಟು ವಿಕೆಟ್ ಕಾದವರೂ ರಾಹುಲ್ಲೇ.

ಆದರೆ ಆ ಪಂದ್ಯದ ಹೀರೋ ಬೇರೆ. ಕುಮಾರ ಸಂಗಕ್ಕಾರ, ಕೊನೆಯ ಟೆಸ್ಟ್. 134 ಟೆಸ್ಟು, 12,400 ರನ್, 38 ಶತಕ. ಇಡೀ ಊರೇ ಬಂದಿತ್ತು. ಕಹಳೆ, ಡೋಲು ಸೇರಿದ 'ಪಾಪರೆ' ಬ್ಯಾಂಡು ಎಡೆಬಿಡದೆ ಬಾರಿಸುತ್ತಿತ್ತು. ಅವರು ಬ್ಯಾಟ್ ಹಿಡಿದು ಬಂದಾಗ ನಮ್ಮ ಆಟಗಾರರು ಎರಡು ಸಾಲಾಗಿ ನಿಂತು ಗೌರವ ಕೊಟ್ಟರು. ಕೊನೆಯ ಇನಿಂಗ್ಸಿನಲ್ಲಿ 18 ರನ್ನಿಗೆ ಅಶ್ವಿನ್ ಎಸೆತಕ್ಕೆ ಔಟ್. ಆ ಸರಣಿಯಲ್ಲಿ ನಾಲ್ಕಕ್ಕೆ ನಾಲ್ಕು ಸಲವೂ ಅಶ್ವಿನ್ನೇ!

ಬ್ಯಾಂಡು ನಿಂತಿತು. ನಮ್ಮ ಕಡೆಯ ಒಬ್ಬ ಎದ್ದು ಕುಣಿಯಲು ಹೊರಟ. ಮೇಷ್ಟ್ರು ಅವನ ಅಂಗಿ ಹಿಡಿದು ಎಳೆದರು. "ಕೂತ್ಕೊಳಪ್ಪಾ. ಅಣ್ಣಾವ್ರು ನಮ್ಮನ್ನ ಅಭಿಮಾನಿ ದೇವರು ಅಂದ್ರು. ದೇವರು ಬೇರೆಯವರ ಮನೆ ಸೂತಕದಲ್ಲಿ ಕುಣಿಯಲ್ಲ." ಅಷ್ಟರಲ್ಲಿ ಮೈದಾನದಲ್ಲಿ ಕೊಹ್ಲಿ ಓಡಿಹೋಗಿ ಸಂಗಕ್ಕಾರ ಕೈ ಕುಲುಕುತ್ತಿದ್ದರು. ಕುಣಿಯಲು ಎದ್ದವನು ನಿಂತೇ ಚಪ್ಪಾಳೆ ತಟ್ಟಿದ. ನಾವೂ ಎದ್ದೆವು. ಮುಂದಿನ ಸಾಲಿನ ಲಂಕೆಯ ಹೆಂಗಸೊಬ್ಬರು ತಿರುಗಿ ನೋಡಿ ನಮಗೆ ಕೈ ಮುಗಿದರು. ಮರುದಿನ ಭಾರತ 278 ರನ್ನಿನಿಂದ ಗೆದ್ದಿತು. ಸಂಗಕ್ಕಾರ ಅಪ್ಪ ಅಮ್ಮನಿಗೆ ಕೃತಜ್ಞತೆ ಹೇಳುತ್ತಾ ಗದ್ಗದಿತರಾದಾಗ ನಮ್ಮ ಸಾಲಿನಲ್ಲೂ ಕರ್ಚೀಫುಗಳು ಹೊರಬಂದಿದ್ದವು.

ಆ ರಾತ್ರಿ ಹುಬ್ಬಳ್ಳಿ ಹುಡುಗ ಬ್ಯಾಗು ಕಟ್ಟಿದ. "ಒಂದಕ್ಕೊಂದು ಸಮ ಮಾಡಿ ಹೊಂಟೇನ್ರಿ. ಮುಂದಿಂದು ನೀವು ನೋಡ್ಕೊಳ್ರಿ" ಅಂದ.

ಕ್ಯಾಂಡಿಯಲ್ಲಿ ಜಂಬೂಸವಾರಿ!

ಮೂರನೇ ಟೆಸ್ಟಿಗೆ ಮುಂಚೆ ಕ್ಯಾಂಡಿ. ಸಂಗಕ್ಕಾರ ಓದಿ ಬೆಳೆದ ಊರು, ಮುತ್ತಯ್ಯ ಮುರಳೀಧರನ್ ಊರೂ ಹೌದು. ಗಾಲೆಯಲ್ಲಿ 2010ರಲ್ಲಿ ಭಾರತದ ವಿರುದ್ಧವೇ 800ನೇ ವಿಕೆಟ್ ಪಡೆದ ಮುರಳಿ, ಆಮೇಲೆ ನಮ್ಮ ಆರ್‌ಸಿಬಿ ಅಂಗಿಯನ್ನೂ ತೊಟ್ಟವರು. ಚಿತ್ರರಸಿಕರಿಗೆ ಇನ್ನೊಂದು ಸಂಗತಿ: ನಮ್ಮ ಸರೋಜಾದೇವಿಯವರ ಜೋಡಿಯಾಗಿ ಮೆರೆದ ಎಂ.ಜಿ.ಆರ್. 1917ರಲ್ಲಿ ಹುಟ್ಟಿದ್ದು ಕ್ಯಾಂಡಿ ಸೀಮೆಯಲ್ಲೇ.

ನಾವು ಹೋದಾಗ ಅಲ್ಲಿ ಎಸಲ ಪೆರಹೆರ. ಬುದ್ಧನ ದಂತವಿರುವ ದೇವಾಲಯದ ಉತ್ಸವ. ರಾತ್ರಿ ಮೊದಲು ಚಾಟಿ ಬೀಸುವವರು ಬಂದರು. ಆ ಸದ್ದಿಗೇ ಎದೆ ಝಲ್ಲೆಂದಿತು. ಹಿಂದೆ ಬೆಂಕಿ ತಿರುಗಿಸುವವರು, ಡೋಲಿನವರು, ಕುಣಿತದವರು, ದೀಪದ ಸರ ಹೊದ್ದ ಆನೆಗಳ ಸಾಲು. ಕೊನೆಗೆ ಕರಂಡಕ ಹೊತ್ತ ದೊಡ್ಡ ಆನೆ. ಅದು ಕಾಲಿಡುವ ದಾರಿಗೆ ಬಿಳಿ ಬಟ್ಟೆ ಹಾಸುತ್ತಾರೆ. ನಮ್ಮ ಮೈಸೂರು ಜಂಬೂಸವಾರಿಯಲ್ಲಿ ಬೀದಿಯೆಲ್ಲ ಜೈಕಾರ. ಇಲ್ಲಿ ಆ ಆನೆ ಬಂದಾಗ ಜನ ಎದ್ದು ನಿಂತು ಕೈ ಮುಗಿದರು. ನಾವೂ ತಾನೇ ತಾನಾಗಿ ಎದ್ದಿದ್ದೆವು.

ವಾಪಸ್ ಬರುವಾಗ ಕಿತುಲ್‌ಗಲ. 1957ರ 'ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್' ಚಿತ್ರಕ್ಕೆ ಕೆಲನಿ ನದಿಯ ಮೇಲೆ ಸೇತುವೆ ಕಟ್ಟಿ ಸ್ಫೋಟಿಸಿದ್ದು ಇಲ್ಲೇ. ಆ ಚಿತ್ರಕ್ಕೆ ಬಂದದ್ದು ಏಳು ಆಸ್ಕರ್. ಈಗ ಉಳಿದಿರುವುದು ಬುಡದ ಗುರುತು ಮಾತ್ರ.

ಗೆದ್ದ ಮೇಲೆ

ಕೊನೆಯ ಟೆಸ್ಟು ಸಿಂಹಳೀಸ್ ಸ್ಪೋರ್ಟ್ಸ್ ಕ್ಲಬ್ ಮೈದಾನದಲ್ಲಿ. ಪೂಜಾರ ಔಟಾಗದೆ 145. ರೋಜರ್ ಬಿನ್ನಿಯ ಮಗ ಸ್ಟುವರ್ಟ್ ಎರಡನೇ ಸರದಿಯಲ್ಲಿ ಕಷ್ಟಕಾಲಕ್ಕೆ 49. ಇಶಾಂತ್ ಶರ್ಮಾಗೆ 200ನೇ ವಿಕೆಟು. ಜೊತೆಗೆ ಲಂಕಾ ಆಟಗಾರರೊಂದಿಗೆ ಜಟಾಪಟಿ, ಒಂದು ಟೆಸ್ಟಿನ ನಿಷೇಧ! ಅತ್ತ ಅವರು ಕಣ್ಣು ಕೆಂಪಗೆ ಮಾಡಿಕೊಂಡಿದ್ದಾಗ ಇತ್ತ ಗ್ಯಾಲರಿಯಲ್ಲಿ ನಾವು ಮತ್ತು ಅವರು ಒಂದೇ ಪೊಟ್ಟಣದಿಂದ ವಡೆ ತಿನ್ನುತ್ತಿದ್ದೆವು. ಸೆಪ್ಟೆಂಬರ್ 1ರಂದು 117 ರನ್ನಿನ ಗೆಲುವು. 22 ವರ್ಷದ ಬರ ಮುಗಿಯಿತು. ದಾವಣಗೆರೆ ಅಣ್ಣ ಮೊದಲು ಮಾಡಿದ ಕೆಲಸ, ಹುಬ್ಬಳ್ಳಿಗೆ ಫೋನು. ಆ ಕಡೆಯಿಂದ ಬಂದ ಶಿಳ್ಳೆ ನಮಗೆಲ್ಲ ಕೇಳಿಸಿತು!

ಲಂಕೆಯಲ್ಲಿ ಪರ್ಸಿ ಅಬೇಸೇಕರ ಅಂತ ಒಬ್ಬರಿದ್ದರು. ದಶಕಗಳ ಕಾಲ ಬಾವುಟ ಹಿಡಿದು ತಮ್ಮ ತಂಡಕ್ಕೆ ಜೈ ಅಂದವರು. ಎದುರಾಳಿ ಆಟಗಾರರಿಗೂ ಅವರು 'ಪರ್ಸಿ ಅಂಕಲ್'. 2023ರ ಸೆಪ್ಟೆಂಬರಿನಲ್ಲಿ ರೋಹಿತ್ ಶರ್ಮಾ ಅವರ ಮನೆಗೇ ಹೋಗಿ ಮಾತಾಡಿಸಿ ಬಂದರು. ಮುಂದಿನ ತಿಂಗಳೇ ಪರ್ಸಿ ತೀರಿಕೊಂಡರು.

2022ರಲ್ಲಿ ಆ ದೇಶ ದಿವಾಳಿಯಾಗಿ, ಪೆಟ್ರೋಲಿಗೆ ದಿನಗಟ್ಟಲೆ ಕ್ಯೂ ನಿಲ್ಲುವ ಕಾಲ ಬಂತು. ಅಂಥ ಹೊತ್ತಿನಲ್ಲೂ ಆಸ್ಟ್ರೇಲಿಯಾ ತಂಡ ಆಡಲು ಬಂದಿತ್ತು. ಜೂನ್ 24ರಂದು ಕೊನೆಯ ಒನ್‌ಡೇಗೆ ಲಂಕೆಯ ಜನ ಆಸ್ಟ್ರೇಲಿಯಾದ ಹಳದಿ ಬಟ್ಟೆ ತೊಟ್ಟು ಬಂದು ಎದುರಾಳಿಗೆ ಥ್ಯಾಂಕ್ಸ್ ಹೇಳಿದರು. ಟಿ.ವಿ.ಯಲ್ಲಿ ಅದನ್ನು ನೋಡುವಾಗ ನನಗೆ ಗಾಲೆಯ ಆ ಆಟೋದವನ ಎಳನೀರು ನೆನಪಾಯಿತು. ಅಂಥ ಜನ ಅವರು.

ಹೋಗಬೇಕು ಅನ್ನಿಸುತ್ತಿದೆಯೇ? ವೀಸಾ ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್ ಮಾಡಿಸುವ ಮುನ್ನ ವಿಚಾರಿಸಿ. ದೇವಸ್ಥಾನಕ್ಕೆ ಹೆಗಲು, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಬುದ್ಧನ ಮೂರ್ತಿಗೆ ಬೆನ್ನು ಮಾಡಿ ಫೋಟೋ ಹೊಡೆಸಿಕೊಳ್ಳಬೇಡಿ, ಅಲ್ಲಿ ಅದು ಅಪಚಾರ. ಹುಣ್ಣಿಮೆ ದಿನ ಇಡೀ ದೇಶದಲ್ಲಿ ಮದ್ಯದಂಗಡಿ ಬಂದ್, ಆಮೇಲೆ ನನ್ನನ್ನು ಬೈಯಬೇಡಿ! ಬಿಸಿಲಿಗೆ ಟೋಪಿ, ಮಳೆಗೆ ಕೊಡೆ ತಪ್ಪದೆ ಒಯ್ಯಿರಿ. ಕನ್ನಡದ ಬಾವುಟವನ್ನಂತೂ ಮರೆಯಲೇಬೇಡಿ. ಕೂಗುವಾಗ ಜೋರಾಗಿ ಕೂಗಿ, ಅವರ ಹುಡುಗ ಚೆನ್ನಾಗಿ ಆಡಿದಾಗ ಎರಡು ಚಪ್ಪಾಳೆ ಅವನಿಗೂ ಇರಲಿ. ಹೋಗಿಬನ್ನಿ!